ನೋಲೀನ್ ತಾನೇ ಹುಡುಕಿದ ತೂತು

ನಮ್ಮ ಬೀದಿಯಲ್ಲಿ ಬೆಳೆದ ಮಕ್ಕಳಲ್ಲಿ ಈಜು ಬಾರದವರು ಒಬ್ಬರೂ ಇಲ್ಲ. ಅದು ಸ್ಕೂಲಿನವರ ಉಪಕಾರವಲ್ಲ, ನೋಲೀನ್ ಪಾಸ್ಕೋಳ ಉಪಕಾರ. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳ ನಡುವಿನ ಸಣ್ಣ ಊರು ನಮ್ಮದು. ಇಲ್ಲಿ ಹೊಳೆ ಹತ್ತಿರ, ಊರವರ ಈಜುಕೊಳ ದೂರ. ಆದ್ದರಿಂದ ನಮ್ಮಲ್ಲಿ ಬೇಸಿಗೆಯಲ್ಲೇ ಬರುವ ಕ್ರಿಸ್‌ಮಸ್ ರಜೆ ಶುರುವಾದರೆ ಮಕ್ಕಳೆಲ್ಲ ಟವೆಲ್ ಹೆಗಲಿಗೆ ಹಾಕಿಕೊಂಡು ಅವಳ ಹಿತ್ತಲಿಗೆ ಹೊರಡುತ್ತವೆ. ಅವಳು ಕೊರಳಿಗೆ ಸೀಟಿ ಹಾಕಿಕೊಂಡು ತನ್ನ ಕೊಳದಲ್ಲಿ ಸೊಂಟಮಟ್ಟ ನೀರಿಗಿಳಿದು, ಬೈಯುತ್ತಾ ಬೈಯುತ್ತಾ ಕಲಿಸುತ್ತಾಳೆ. ನನ್ನ ಇಬ್ಬರು ಮಕ್ಕಳು ಅವಳ ಬೈಗುಳ ತಿಂದೇ ಮೀನುಗಳಾದರು. ಈ ಸಲ ಮೊಮ್ಮಗಳ ಸರದಿ.

ಈ ಡಿಸೆಂಬರಿನಲ್ಲಿ ಮಳೆ ತಡವಾಯಿತು. ಹಿತ್ತಲಿಗಾಗಲಿ ಕೊಳಕ್ಕಾಗಲಿ ಪೈಪು ಹಿಡಿದು ನೀರು ಬಿಡಕೂಡದೆಂದು ಊರಿಗೆಲ್ಲ ಕಟ್ಟಪ್ಪಣೆಯಾಯಿತು. ಸರಿಯಾಗಿ ಆಗಲೇ ನೋಲೀನಳ ಕೊಳದ ನೀರು ಇಳಿಯಲು ಶುರುವಾಯಿತು. ರಿಪೇರಿಯವನೊಬ್ಬ ಬಂದು, ಕೊಳದ ಸುತ್ತಲಿನ ಕಲ್ಲು ಹಾಸೆಲ್ಲ ಕಿತ್ತು ಪೈಪುಗಳನ್ನು ನೋಡಬೇಕು, ಅದೂ ರಜೆ ಮುಗಿದ ಮೇಲೆ ಎಂದು ಹೇಳಿ ಹೋದ. ಅವಳ ಗಂಡ ಮರ್ವ್‌ಗೆ ಬೇಕಾದದ್ದೂ ಅದೇ. ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನ ಪ್ರಾಣವೆಲ್ಲ ಬೌಲ್ಸ್ ಆಟದಲ್ಲಿ. ಹಿತ್ತಲಲ್ಲಿ ಕೊಳದ ಬದಲು ಒಂದು ಹುಲ್ಲುಹಾಸಿದ್ದರೆ ದಿನವಿಡೀ ಚೆಂಡು ಉರುಳಿಸಬಹುದೆಂದು ಬಹಳ ದಿನದಿಂದ ಕನಸು ಕಾಣುತ್ತಿದ್ದ. ಹೆಂಡತಿಯನ್ನು ಕೇಳದೆ, ಕೊಳ ಮುಚ್ಚಲು ಶನಿವಾರ ಬೆಳಿಗ್ಗೆ ಮಣ್ಣಿನ ಲಾರಿಗೆ ಹೇಳಿಬಿಟ್ಟ. ಕ್ಲಬ್ಬಿನಲ್ಲೂ ಸಾರಿಬಿಟ್ಟ.

ನೋಲೀನ್ ನಮ್ಮಿಬ್ಬರ ಮನೆಗಳ ನಡುವಿನ ಬೇಲಿಯ ಹತ್ತಿರ ಬಂದು, "ಬೆವ್" ಎಂದು ನನ್ನನ್ನು ಕರೆದು ಅಳುತ್ತಾ ಹೇಳಿದಳು. ಅವಳು ಅತ್ತದ್ದನ್ನು ನಾನು ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ. "ಕೊಳ ಮುಚ್ಚಿದ್ರೆ ಈ ಮಕ್ಳು ಹೊಳೇಗೇ ಹೋಗೋದು ಬೆವ್. ಈಜು ಕಲೀದೇ ಹೋಗ್ತವೆ," ಎಂದಳು. ಆಮೇಲೆ ಮೂಗು ಒರೆಸಿಕೊಂಡು, ತೂತು ಎಲ್ಲಿದೆಯೆಂದು ತಾನೇ ಹುಡುಕುತ್ತೇನೆ ಎಂದಳು.

ಮೊದಲು ಬಕೆಟ್ ಪರೀಕ್ಷೆ. ಕೊಳವಿರುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಕೊಳದ ನೀರನ್ನೇ ಬಕೆಟ್ಟಿಗೆ ತುಂಬಿ, ಕೊಳದೊಳಗಿನ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಟ್ಟು, ಬಕೆಟ್ಟಿನ ಒಳಗಿನ ನೀರಿನ ಮಟ್ಟಕ್ಕೊಂದು, ಹೊರಗಿನ ನೀರಿನ ಮಟ್ಟಕ್ಕೊಂದು ಗೆರೆ ಎಳೆಯಬೇಕು. ಬಿಸಿಲು ಎರಡರಿಂದಲೂ ಒಂದೇ ಸಮ ಹೀರುತ್ತದೆ. ಕೊಳ ಹೆಚ್ಚು ಇಳಿದರೆ ಸೋರುತ್ತಿದೆ ಎಂದರ್ಥ.

ಮರುದಿನ ನೋಡಿದರೆ ಎರಡೂ ಸಮಸಮ ಇಳಿದಿದ್ದವು. ಮರ್ವ್‌ನ ಮುಖ ಅರಳಿತು. ತೂತೂ ಇಲ್ಲ ಗೀತೂ ಇಲ್ಲ, ಎಲ್ಲ ಬಿಸಿಲಿನ ಆಟ, ಇಂಥ ಬಿಸಿಲಿನ ಊರಲ್ಲಿ ಕೊಳ ಇಟ್ಟುಕೊಳ್ಳುವುದೇ ದಡ್ಡತನ ಎಂದು ನನ್ನನ್ನೂ ಕರೆದು ಉಪದೇಶ ಮಾಡಿದ. ನೋಲೀನ್ ಮತ್ತೆ ಬಕೆಟ್ ತುಂಬಿಸಿ ಹೊಸ ಗೆರೆ ಎಳೆದು, ಸೊಳ್ಳೆಜಾಲರಿ ಹಾಕಿದ ಬಾಗಿಲ ಹಿಂದೆ ಟೀ ಹಿಡಿದು ಕೂತಳು. ನನಗೂ ಒಂದು ಕಪ್ ಸಿಕ್ಕಿತು.

ಬಿಸಿಲೇರುತ್ತಿದ್ದ ಹಾಗೆ ಮರ್ವ್‌ನ ಮುದ್ದಿನ ನಾಯಿ ಬ್ಯಾಂಜೊ ಎದ್ದು ಬಂತು. ತನಗಿಟ್ಟ ಬಟ್ಟಲನ್ನು ಮೂಸಿಯೂ ನೋಡದೆ ಮೆಟ್ಟಿಲಿಗಿಳಿದು, ಬಕೆಟ್ಟಿಗೆ ಮೂತಿ ಹಾಕಿ ಲೊಚಲೊಚ ಕುಡಿಯಿತು. ಬೇಸಿಗೆಯಲ್ಲಿ ಹಕ್ಕಿಗಳಿಗೆಂದು ಬಕೆಟ್ಟಿನಲ್ಲಿ ನೀರಿಡುವ ಮನೆ ಅದು. ಇದೂ ತಮಗೇ ಇಟ್ಟದ್ದೆಂದು ಎರಡು ಮ್ಯಾಗ್‌ಪೈಗಳೂ ಬಂದು ಅಂಚಿನಲ್ಲಿ ಕೂತವು.

ನೋಲೀನ್ ಗಂಡನನ್ನು ಕರೆದು ತೋರಿಸಿದಳು. "ನಿನ್ ಬಿಸಿಲಿಗೆ ನಾಲ್ಕ್ ಕಾಲಿದೆ ಮರ್ವ್. ಬಾಲಾನೂ ಇದೆ ನೋಡು."

ನಾನು ನಕ್ಕು ನಕ್ಕು ಟೀ ಚೆಲ್ಲಿಕೊಂಡೆ. ಮಾಂಸ ಸುಡುವ ಒಲೆಯ ಕಂಬಿಜಾಲರಿ ತಂದು ಬಕೆಟ್ಟಿನ ಮೇಲೆ ಮುಚ್ಚಿ ಅವಳು ಮೂರನೆಯ ಸಲ ಗೆರೆ ಎಳೆದಳು. ಗುರುವಾರ ನೋಡಿದಾಗ ಬಕೆಟ್ಟಿನಲ್ಲಿ ಉಗುರಿನಷ್ಟು ಇಳಿದಿತ್ತು, ಕೊಳದಲ್ಲಿ ಹೆಬ್ಬೆರಳಿನಷ್ಟು. ಮರ್ವ್ ಗಲ್ಲ ಕೆರೆದುಕೊಂಡು ಒಳಗೆ ಹೋದ.

ಸೋರುತ್ತಿರುವುದು ಖಚಿತವಾಯಿತು, ಎಲ್ಲಿ ಎನ್ನುವುದು ಉಳಿಯಿತು. ಅವಳು ಪಂಪು ನಿಲ್ಲಿಸಿ ನೀರು ನಿಶ್ಚಲವಾಗುವವರೆಗೆ ಕಾದಳು. ಕೇಕಿಗೆ ಹಾಕುವ ಕೆಂಪು ಬಣ್ಣವನ್ನು ಸಿರಿಂಜಿಗೆ ತುಂಬಿಕೊಂಡು, ಕಣ್ಣಿಗೆ ಈಜುಗಾರರ ಕನ್ನಡಕ ಬಿಗಿದು, ಅಲೆಯೇಳದ ಹಾಗೆ ಮೆಲ್ಲಗೆ ಮುಳುಗಿದಳು. ಎಲೆ ಕಸ ಹಿಡಿಯುವ ಬಾಯಿಯ ಹತ್ತಿರ ಒಂದು ಹನಿ ಬಿಟ್ಟಳು. ಬಣ್ಣ ಅಲ್ಲೇ ಸುಮ್ಮನೆ ತೇಲಿತು. ಗೋಡೆಯ ಬಿರುಕಿನ ಹತ್ತಿರ ಬಿಟ್ಟಳು, ಅಲ್ಲೂ ಹಾಗೇ. ಕೊನೆಗೆ ನೀರೊಳಗಿನ ಗೋಡೆಯಲ್ಲಿ ಕೂರಿಸಿದ್ದ ಕರೆಂಟು ದೀಪದ ಅಂಚಿಗೆ ಬಿಟ್ಟಳು. ಕೆಂಪು ಬಣ್ಣ ದಾರದ ಹಾಗೆ ಉದ್ದವಾಗಿ ದೀಪದ ಹಿಂದಕ್ಕೆ ಸರ್ರನೆ ನುಗ್ಗಿತು. ಮೇಲೆದ್ದವಳು ಉಸಿರೆಳೆಯುವ ಮೊದಲೇ ನಕ್ಕಳು.

ಇಡೀ ಮನೆಯ ಕರೆಂಟು ತೆಗೆಸಿದಳು. ಫ್ರಿಜ್ಜಿನಲ್ಲಿ ತನ್ನ ಬಿಯರ್ ಬೆಚ್ಚಗಾಗುತ್ತದೆಂದು ಮರ್ವ್ ಗೊಣಗಿದ. ಅವಳು ದೀಪವನ್ನು ಬಿಚ್ಚಿ ವೈರಿನ ಸಮೇತ ದಡದ ಮೇಲಿಟ್ಟಳು. ಹಿಂದಿನ ಗೂಡಿನಲ್ಲಿ, ವೈರು ಹೋಗುವ ಕೊಳವೆಯ ಸುತ್ತ ತುಂಬಿದ್ದ ಮೇಣದಂಥದ್ದು ಉದುರಿ ಹೋಗಿತ್ತು. ನೀರೆಲ್ಲ ಆ ದಾರಿಯಲ್ಲಿ ಮಣ್ಣಿಗೆ ಸೇರುತ್ತಿತ್ತು. ತೂತು ಮುಚ್ಚಲು, ನೀರಿನೊಳಗೇ ಗಟ್ಟಿಯಾಗುವ ಎರಡು ಬಣ್ಣದ ಅಂಟು ಪುಟ್ಟಿಯನ್ನು ಒಂದೇ ಬಣ್ಣವಾಗುವ ತನಕ ನಾದಿ ಕೊಡಲು ಅವಳಿಗೆ ಇನ್ನೊಂದು ಕೈ ಬೇಕಿತ್ತು. ನಾನು ಬೇಲಿ ದಾಟುವಷ್ಟರಲ್ಲಿ ಮರ್ವ್ ಮಂಡಿಯೂರಿ ಕೂತು ನಾದುತ್ತಿದ್ದ.

ಅವಳು ಉಂಡೆ ಹಿಡಿದು ಮುಳುಗುವಳು, ತುರುಕುವಳು, ಏಳುವಳು. ಒಂದು ಸಲ ಬಹಳ ಹೊತ್ತು ಏಳಲಿಲ್ಲ. ಮರ್ವ್‌ನ ಮುಖ ಬಿಳಿಚಿಕೊಂಡಿತು. "ನೋಲ್, ಸಾಕು ಬಾರೇ, ಕೊಳ ಹಾಳಾಗೋಗ್ಲಿ," ಎಂದು ನೀರಿಗೆ ಹೇಳುತ್ತಿದ್ದ. ಅವಳು ಫೂ ಎಂದು ಎದ್ದು, ಇನ್ನೊಂದು ಉಂಡೆ ಕೊಡು ಎಂದು ಕೈ ಚಾಚಿದಳು.

ಶುಕ್ರವಾರವೆಲ್ಲ ಪುಟ್ಟಿ ಗಟ್ಟಿಯಾಗಲು ಬಿಟ್ಟು, ಜಾಲರಿ ಮುಚ್ಚಿದ ಬಕೆಟ್ಟಿಗೆ ಮತ್ತೆ ಗೆರೆ ಎಳೆದಿದ್ದಳು. ಶನಿವಾರ ಬೆಳಿಗ್ಗೆ ನಾನು ಹೋದಾಗ ಗಂಡ ಹೆಂಡತಿ ಇಬ್ಬರೂ ಮೆಟ್ಟಿಲ ಬಳಿ ಬಗ್ಗಿ ನೋಡುತ್ತಿದ್ದರು. ಬಕೆಟ್ಟಿನೊಳಗೆ ಎಷ್ಟು ಇಳಿದಿತ್ತೋ ಹೊರಗೂ ಅಷ್ಟೇ, ಒಂದು ಕೂದಲೆಳೆ ಹೆಚ್ಚಿಲ್ಲ. ಉಳಿದ ನೀರು ಪುಟಾಣಿಗಳ ಎದೆಮಟ್ಟಕ್ಕೆ ಧಾರಾಳವಾಗಿತ್ತು. ನೋಲೀನ್ ಎರಡೂ ಕೈ ಮೇಲೆತ್ತಿ ಗೆದ್ದ ಆಟಗಾರ್ತಿಯಂತೆ ಹಿತ್ತಲು ಸುತ್ತಿದಳು. ನಾನೂ ಅವಳ ಹಿಂದೆ ಸುತ್ತಿದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆಗಲೇ ಬೀದಿಯಲ್ಲಿ ಲಾರಿಯ ಸದ್ದಾಯಿತು. ಅದರ ಹಿಂದೆಯೇ, ಕೊಳ ಮುಚ್ಚುತ್ತಾರಂತೆ ಎಂಬ ಸುದ್ದಿ ಕೇಳಿದ ಬೀದಿಯ ಮಕ್ಕಳು ಟವೆಲ್ ಹಾಕಿಕೊಂಡು ಗೇಟಿಗೆ ಬಂದು ನಿಂತಿದ್ದರು. ನನ್ನ ಮೊಮ್ಮಗಳು ಅಳು ತಡೆದುಕೊಂಡು ತುಟಿ ಕಚ್ಚಿದ್ದಳು. ಹಿತ್ತಲಿಗೆ ಹೇಗೆ ಹೋಗುವುದು, ಕೊಳ ಎಲ್ಲಿ ಎಂದು ಡ್ರೈವರ್ ತಲೆ ಹೊರಹಾಕಿ ಕೇಳಿದ.

ನೋಲೀನ್ ಬಾಯಿ ತೆರೆಯುವ ಮೊದಲೇ ಮರ್ವ್ ಗೇಟಿಗೆ ನಡೆದ. ಟೊಪ್ಪಿ ತೆಗೆದು ಬೋಳುತಲೆ ಸವರಿಕೊಂಡು, ಗೇಟನ್ನು ಅಗಲವಾಗಿ ತೆರೆದ.

"ಮಣ್ಣು ಮುಂದಿನ ಅಂಗಳಕ್ಕೆ ಸುರೀರಿ," ಎಂದ. "ಹಿಂದಕ್ಕೆ ಮಕ್ಳು ಮಾತ್ರ."