ಹತ್ತು ಸುತ್ತು ಕೇಬಲ್

ಅಮೆರಿಕದ ನಾರ್‌ಕ್ರಾಸ್‌ನ ನಮ್ಮ ಮನೆಯ ಹಿತ್ತಲಲ್ಲಿದ್ದ ಎರಡು ಪೈನ್ ಮರಗಳನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಮರಗಳದ್ದೇನೂ ತಪ್ಪಿಲ್ಲ. ಅವುಗಳ ನಡುವೆ ಆಂಟೆನಾ ಕಟ್ಟಿದವಳು ನಾನು, ಹೇಸಿಗೆ ನನ್ನ ಮೇಲೆಯೇ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಲ್ಯಾಬಿನಲ್ಲಿ ವಿಜ್ಞಾನಿ, ಗಂಡ ಡಾಕ್ಟರ್. ಸಿಟಿಜನ್ ಆದ ಮೇಲೆ, ಹವ್ಯಾಸಿಗಳು ದೂರದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋ ಲೈಸೆನ್ಸ್ ತೆಗೆದುಕೊಂಡಿದ್ದೆ. ಆ ಹುಚ್ಚು ಹತ್ತಿಸಿದವರು ಮೈಸೂರಿನ ಕಾಲೇಜಿನ ನನ್ನ ಫಿಸಿಕ್ಸ್ ಮೇಷ್ಟ್ರು. ತರಗತಿಗೆಲ್ಲ ಒಬ್ಬಳೇ ಹುಡುಗಿಯಾಗಿದ್ದ ನನ್ನ ಕೈಗೆ ಬೆಸುಗೆ ಹಾಕುವ ಕಡ್ಡಿ ಕೊಟ್ಟು, "ಒಂದು ಸಲ ಸುಟ್ಕೊಂಡ್ರೆ ತಾನೇ ಕಲೀತೀಯ" ಎಂದಿದ್ದರು. ಈಗ ಅವರ ಪತ್ರ ಬಂದಿತ್ತು. ಗಂಟಲಲ್ಲಿ ಕ್ಯಾನ್ಸರ್, ಮುಂದಿನ ತಿಂಗಳು ಆಪರೇಷನ್, ಆಮೇಲೆ ದನಿ ಇರುವುದಿಲ್ಲ. ಅದಕ್ಕೆ ಮೊದಲು ಮೂರು ಭಾನುವಾರ, ನಿಮ್ಮ ಬೆಳಿಗ್ಗೆ ಎಂಟಕ್ಕೆ, ರೇಡಿಯೋದಲ್ಲಿ ಮಾತಾಡೋಣ ಎಂದು ಬರೆದಿದ್ದರು. ಅವರ ಮನೆಯಲ್ಲಿ ಫೋನ್ ಇರಲಿಲ್ಲ.

ಎರಡೂ ಕಡೆ ಸಮನಾದ ತಂತಿ ಎಳೆದು, ನಡುವೆ ಕೇಬಲ್ ಬೆಸೆದು ಡೈಪೋಲ್ ಆಂಟೆನಾ ಕಟ್ಟಿದೆ. ಏಣಿ ಇಳಿಯುವಷ್ಟರಲ್ಲಿ ಪಕ್ಕದ ಮನೆಯ ಮುದುಕ ಬಂದ. ಅವನೂ ಹ್ಯಾಮ್. ತಂಬಾಕು ಜಗಿದು ನಮ್ಮ ಬೇಲಿ ಬುಡಕ್ಕೇ ಉಗುಳುತ್ತಿದ್ದ ಪ್ರಾಣಿ.

"ಹಸ್ಬೆಂಡ್ ಮನೇಲಿಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ನನ್ನ ಗಂಡನಿಗೆ ಬಲ್ಬ್ ಬದಲಾಯಿಸಲೂ ಬರುತ್ತಿರಲಿಲ್ಲ. "ಬಾಲನ್ ಹಾಕಿಲ್ಲವಲ್ಲ. ಆಂಟೆನಾ ಹತ್ತಿರ ಕೇಬಲನ್ನ ಹತ್ತು ಸುತ್ತು ಸುತ್ತಿ ಕಟ್ಟೋಕೆ ಅವರಿಗೆ ಹೇಳಿ, ಅಷ್ಟು ಸಾಕು."

ನನಗೆ ಮೈಯೆಲ್ಲ ಉರಿಯಿತು. ಮೀಟರ್ ನೋಡಿದ್ದೆ, ಟ್ರಾನ್ಸ್‌ಮಿಟರಿಗೂ ಆಂಟೆನಾಕ್ಕೂ ಹೊಂದಾಣಿಕೆ ಚೆನ್ನಾಗಿಯೇ ಇತ್ತು. ಈ ಉಗುಳುವವನ ಮಾತು ಕೇಳಬೇಕೇ ಎಂದುಕೊಂಡೆ. ಉಳಿದಿದ್ದ ಕೇಬಲನ್ನು ಅವನೆದುರಿಗೇ ಕತ್ತರಿಸಿ ಗ್ಯಾರೇಜಿಗೆ ಎಸೆದೆ.

ಮೊದಲ ಭಾನುವಾರ ಕರೆದೆ. ಸ್ಪೀಕರಿನಲ್ಲಿ ಕಡಲೆಕಾಯಿ ಹುರಿದ ಹಾಗೆ ಚಟಪಟ, ಬೇರೇನೂ ಇಲ್ಲ. ಎರಡನೆಯ ಭಾನುವಾರವೂ ಅದೇ. ಆಕಾಶ ಸರಿಯಿಲ್ಲ, ರಿಸೀವರ್ ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರನೆಯ ಭಾನುವಾರ ಮುಕ್ಕಾಲು ಗಂಟೆ ಕರೆದು, ರೋಸಿಹೋಗಿ, ದನಿ ಕಳಿಸುವ ಮೈಕಿನ ಗುಂಡಿ ಒತ್ತಿ ಹಿಡಿದೇ ಹೇಳಿದೆ: "ಮೂರು ವಾರದಿಂದ ಕಾಯಿಸ್ತಿದಾರೆ. ಬಾ ಅಂತ ತಾವೇ ಬರೆದು, ಬಂದು ಒಂದು ಮಾತಾಡೋಕೆ ಪುರುಸೊತ್ತಿಲ್ಲ ಈ ಮನುಷ್ಯಂಗೆ."

ಹ್ಯಾಮ್‌ಗಳಲ್ಲಿ ಒಂದು ಪದ್ಧತಿಯಿದೆ. ಯಾರ ದನಿ ಕೇಳಿಸಿತೋ ಅವರಿಗೆ ಕಾರ್ಡ್ ಬರೆದು, ಎಷ್ಟು ಸ್ಪಷ್ಟವಾಗಿತ್ತೆಂದು ತಿಳಿಸುತ್ತಾರೆ. ಎರಡು ವಾರದ ಮೇಲೆ ಮೇಷ್ಟ್ರ ಕಾರ್ಡ್ ಬಂತು. "ಮೂರು ಭಾನುವಾರವೂ ನಿನ್ನ ಮಾತೆಲ್ಲ ಸ್ಪಷ್ಟವಾಗಿ ಕೇಳಿಸಿತು. ಪ್ರತಿ ಸಲವೂ ಉತ್ತರ ಕೊಟ್ಟೆ. ನಿನಗೆ ಕೇಳಿಸಲಿಲ್ಲವೆಂದು ತೋರುತ್ತದೆ. ಬಾಲನ್ ಹಾಕಿದ್ದೀಯಾ? ನಾಳೆ ಆಪರೇಷನ್."

ನಿಂತಲ್ಲೇ ಓದಿದೆ. ಕಾರ್ಡ್ ಬರೆದು ಹತ್ತು ದಿನವಾಗಿತ್ತು, ಅವರ ದನಿ ಆಗಲೇ ಹೋಗಿತ್ತು. ಬಾಲನ್, ಅಂದರೆ ಆ ಹತ್ತು ಸುತ್ತು, ಇಲ್ಲದಿದ್ದರೆ ಕೇಬಲಿನ ಹೊರಕವಚವೂ ಆಂಟೆನಾ ಆಗಿಬಿಡುತ್ತದೆ, ಮನೆಯ ಟಿವಿ, ಮೋಟಾರುಗಳ ಗದ್ದಲವನ್ನೆಲ್ಲ ಹೀರಿ ರಿಸೀವರಿಗೆ ತುಂಬುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಮೀಟರಿನ ಮುಳ್ಳು ನೋಡಿ ಬೀಗಿದ್ದೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕೆನಿಸಿತು, ಆ ಮುದುಕನಿಗಿಂತ ಕಡೆಯಾಗಿ.

ಗ್ಯಾರೇಜಿನಿಂದ ಆ ತುಂಡನ್ನು ತಂದು ಜೋಡಿಸಿ, ಹತ್ತು ಸುತ್ತು ಸುತ್ತಿ, ಏಣಿ ಹತ್ತಿ ಕಟ್ಟಿದೆ. ಇಪ್ಪತ್ತು ನಿಮಿಷದ ಕೆಲಸ. ಚಟಪಟ ನಿಂತುಹೋಯಿತು. ಭಾನುವಾರದ ಎಂಟು ಗಂಟೆಯನ್ನು ನಾನು ಬಿಡಲಿಲ್ಲ, ಅವರೂ ಮರೆತಿರಲಿಲ್ಲ. ಎರಡು ತಿಂಗಳ ನಂತರ ಒಂದು ದಿನ ದನಿ ಬೇಡದ ಮೋರ್ಸ್ ಸಂಕೇತದಲ್ಲಿ ಕಟ್ಟು ಕಡ ಸದ್ದು ಬಂತು, ಒಂದೊಂದು ಅಕ್ಷರವೂ ಬಿಡಿಸಿಟ್ಟ ಹಾಗೆ. ಈಗ ಕೇಳಿಸುತ್ತಾ ಎಂದು ಮೇಷ್ಟ್ರು ಕೇಳಿದ್ದರು. ಕೇಳಿಸುತ್ತೆ ಸಾರ್ ಎಂದು ಕುಟ್ಟಿದೆ.

ಆಮೇಲೆ ಅವರು ಇದ್ದಷ್ಟು ದಿನವೂ ಹಾಗೆಯೇ ಮಾತಾಡಿದೆವು. ಅವರ ದನಿ ಹೇಗಿತ್ತೆಂದು ಈಗ ನೆನಪಿಸಿಕೊಳ್ಳಲು ಕೂತರೆ, ಕಿವಿಗೆ ಮೊದಲು ಬರುವುದು ಆ ಮೂರು ಭಾನುವಾರದ ಚಟಪಟ. ಅದರೊಳಗೆ ಅವರು ಮಾತಾಡುತ್ತಿದ್ದರು.