ಎಂಟನೆಯ ದಿನದ ಎಲೆ

1986ನೆಯ ಇಸವಿ ಮಾರ್ಚ್ ತಿಂಗಳ ಹದಿನೈದನೆಯ ತಾರೀಖು, ಶನಿವಾರ. ಚಳಿಗಾಲ ಹಿಂದೆ ಸರಿದಿತ್ತು, ವಸಂತ ಇನ್ನೂ ಹೊಸ್ತಿಲಾಚೆಯೇ ನಿಂತಿತ್ತು. ಗಾಳಿಯಿರಲಿಲ್ಲ. ಹತ್ತು ಗಂಟೆಗೆ ಎಂಟು ನಿಮಿಷವಿರುವವರೆಗೂ ಮಂಜು ಹೊಲದ ಮೇಲೆ ಹಾಲಿನ ಕೆನೆಯಂತೆ ಕಟ್ಟಿಕೊಂಡಿತ್ತು. ಆ ಮೇಲೆ ಎಲ್ಲಿಂದಲೋ ಒಂದು ಎಳೆ ಬಿಸಿಲು ಬಂದು ಅದನ್ನು ಅಂಚಿನಿಂದ ಮಡಚತೊಡಗಿತು.

ಕೊಟ್ಟಿಗೆಯ ಕೆಳಗಿನ ತುಂಡು ನೆಲದಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಅತ್ತೆ ಕುಳಿತಿದ್ದಳು. ಅವಳು ನಿಜಕ್ಕೂ ಅತ್ತೆಯಾಗಿದ್ದುದು ಐದು ವರ್ಷದ ಗುಬ್ಬಿಗೆ ಮಾತ್ರ. ಗುಬ್ಬಿ ಆ ಹೊಲದ ಯಜಮಾನನ ಮಗಳು, ಯಜಮಾನನು ಇವಳ ಒಡಹುಟ್ಟಿದ ಅಣ್ಣ. ಆದರೆ ಶನಿವಾರಗಳಂದು ಪಟ್ಟಣದ ಶಾಲೆಯಿಂದ ಬಸ್ಸಿನಲ್ಲಿ ಬಂದಿಳಿಯುವ ಒಂಬತ್ತು ಮಕ್ಕಳೂ ಗುಬ್ಬಿಯ ಬಾಯಿಂದಲೇ ಆ ಹೆಸರು ಕಲಿತು, ಅವಳನ್ನು ಅತ್ತೆಯನ್ನಾಗಿ ಮಾಡಿಕೊಂಡಿದ್ದರು.

ಎಂಟನೆಯ ವಯಸ್ಸಿಗೆ ಅವಳನ್ನು ಓದಿಗೆಂದು ಪಟ್ಟಣದ ದೊಡ್ಡಮ್ಮನ ಮನೆಗೆ ಕಳುಹಿಸಲಾಗಿತ್ತು. 1965ರ ಜೂನ್ ಏಳು, ಸೋಮವಾರದಂದು ಅವಳು ಬೀಜದಂಗಡಿಯೊಂದರ ಕೆಲಸಕ್ಕೆ ಸೇರಿದಳು. 1984ರ ಸೆಪ್ಟೆಂಬರ್ ಇಪ್ಪತ್ತೊಂಬತ್ತರಂದು ಅಂಗಡಿ ಮುಚ್ಚುವವರೆಗೂ ಅದೇ ಸ್ಟೂಲಿನ ಮೇಲೆ ಕುಳಿತಳು. ಕಣ್ಣು ಮುಚ್ಚಿಕೊಂಡು ಬೆರಳ ತುದಿಯಲ್ಲೇ ನೂರಿಪ್ಪತ್ತು ಬಗೆಯ ಬೀಜ ಗುರುತಿಸಬಲ್ಲವಳಾಗಿದ್ದಳು. ಒದ್ದೆ ಬಟ್ಟೆಯಲ್ಲಿ ನೂರು ಬೀಜ ಸುತ್ತಿಟ್ಟು ಎಷ್ಟು ಮೊಳೆಯುತ್ತವೆಂದು ಪರೀಕ್ಷಿಸುವುದೂ ಅವಳದೇ ಕೆಲಸ. ಏಳನೆಯ ದಿನ ಎಣಿಸಿ, ಚೀಟಿಯ ಮೇಲೆ ಬರೆದು, ಮೊಳಕೆಗಳನ್ನು ಹಿತ್ತಿಲ ಗುಂಡಿಗೆ ಎಸೆಯಬೇಕು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಅಂಗಡಿ ಮುಚ್ಚಿದ ಮೇಲೆ ಅಣ್ಣನ ಮನೆಗೆ ಬಂದಳು. ಕೆಲಸಗಳ್ಳಿಯೇನಲ್ಲ, ಆದರೆ ಮನಸ್ಸು ಮಾತ್ರ ದಾರ ಹರಿದ ಗಾಳಿಪಟ. "ಇವಳನ್ನ ಒಲೆ ಮುಂದೆ ಕೂರಿಸಿದ್ರೆ ಹಾಲು ಉಕ್ಕುತ್ತೆ, ಹೊಲದಲ್ಲಿ ಕೂರಿಸಿದ್ರೆ ಸೂರ್ಯ ಮುಳುಗ್ತಾನೆ," ಎಂದು ಅಣ್ಣ ಊಟಕ್ಕೆ ಕುಳಿತಾಗಲೆಲ್ಲ ಹೇಳುತ್ತಿದ್ದ. ಮಕ್ಕಳಿಗೆ ಬಯಲಿನಲ್ಲಿ ಪಾಠ ಮಾಡುವ ಆಸೆಯನ್ನು ಅವಳು ಮೆಲ್ಲಗೆ ಬಾಯಿಬಿಟ್ಟಾಗ ನಕ್ಕ. ಆ ಮೇಲೆ ಆ ತುಂಡು ನೆಲ ಕೊಟ್ಟ, ಒಂದು ಷರತ್ತಿನ ಮೇಲೆ.

"ಒಂದನೇ ತಾರೀಖು ಬಿತ್ತು. ಹದಿನೈದಕ್ಕೆ ಸಾಯಂಕಾಲ ನಾಲ್ಕು ಗಂಟೆಗೆ ಬಂದು ನೋಡ್ತೀನಿ. ಸಾಲು ಹಿಡಿದು ಹಸಿರು ನಿಂತಿದ್ರೆ ವರ್ಷವಿಡೀ ನೆಲ ನಿಂದು. ಇಲ್ಲಾಂದ್ರೆ ಸೋಮವಾರ ಟ್ರ್ಯಾಕ್ಟರ್ ಇಳಿಸಿ ಈರುಳ್ಳಿ ಹಾಕ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರ್ಬಾರ್ದು."

ಆ ನೆಲ ಹೋದರೆ ಶನಿವಾರಗಳೂ ಹೋದಂತೆ. ಅವಳ ನಲವತ್ತೊಂದು ವರ್ಷದ ಬಾಳಿನಲ್ಲಿ, ಯಾರೂ ಹೇಳದೆ ತಾನಾಗಿ ಕೇಳಿ ಪಡೆದದ್ದು ಅದೊಂದೇ.

ಮಾರ್ಚ್ ಒಂದರಂದು ಹತ್ತು ಮಕ್ಕಳು ಹತ್ತು ಪಾತಿಗಳಲ್ಲಿ ಮೂಲಂಗಿ ಬಿತ್ತಿದರು. ಎಂಟರಂದು, ಜೋಡಿ ಎಲೆಗಳು ನೆಲದಿಂದ ತಲೆಯೆತ್ತಿದಾಗ, ಅತ್ತೆ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಸಸಿ ಬರೆದಳು: ಒಂದು ಕಾಂಡ, ಹೃದಯದಾಕಾರದ ಎರಡು ಎಲೆ. "ಇದು ಮೂಲಂಗಿ. ಚೆನ್ನಾಗಿ ನೋಡ್ಕೊಳ್ಳಿ. ಮುಂದಿನ ವಾರ ಕಳೆ ಕೀಳೋಣ," ಎಂದಳು. ಹಲಗೆಯನ್ನು ಬೇಲಿಗೆ ತೂಗುಹಾಕಲಾಯಿತು. ವಾರವಿಡೀ ಕೊಟ್ಟಿಗೆಯಲ್ಲಿ ಎಳೆಗರುವಿನ ಆರೈಕೆಯಿದ್ದುದರಿಂದ ನೆಲಕ್ಕೆ ನೀರು ಬಿಟ್ಟವನು ಆಳು. ಅವಳು ಅತ್ತ ತಲೆಹಾಕಲಿಲ್ಲ.

ಹದಿನೈದರ ಬೆಳಿಗ್ಗೆ ಮಂಜಿನಲ್ಲಿ ಮಕ್ಕಳು ಪಾತಿಗಿಳಿದರು. ಅವರ ದನಿಗಳು ನೀರಿನಡಿಯಿಂದ ಬಂದಂತೆ ಮಂದವಾಗಿ ಕೇಳುತ್ತಿದ್ದವು. ಅತ್ತೆಯ ಕಣ್ಣ ಮುಂದೆ ಅಂಗಡಿಯ ಹಿತ್ತಾಳೆ ತಕ್ಕಡಿ ತೂಗುತ್ತಿತ್ತು. ಅದರೊಳಕ್ಕೆ ಸುರಿಯುತ್ತಿದ್ದ ಕೆಂಗಂದು ಬೀಜಗಳ ಸದ್ದು ದೂರದ ಮಳೆಯಂತಿತ್ತು. ಹಾಗೆಯೇ ಅದು ನಿಜವಾದ ಮಳೆಯಾಯಿತು. ಅವಳು ಎಂಟು ವರ್ಷದವಳಾಗಿ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಅಪ್ಪನ ಹೊಲ ಹಿಂದೆ ಹಿಂದೆ ಸರಿದು, ಕೊನೆಗೊಂದು ಹಸಿರು ಕರವಸ್ತ್ರದಷ್ಟಾಗಿ ಕರಗುತ್ತಿತ್ತು.

"ಅತ್ತೆ, ಚಿತ್ರದ ಹಾಗಿಲ್ಲದ್ದನ್ನೆಲ್ಲ ಕಿತ್ತುಬಿಡ್ಬೇಕಲ್ವಾ?" ಕೇಳಿದವಳು ಬೇಕರಿಯವರ ಮಗಳು, ಹತ್ತು ವರ್ಷ, ಉಳಿದ ಒಂಬತ್ತು ಮಂದಿಗೂ ಸ್ವಯಂಘೋಷಿತ ಮೇಸ್ತ್ರಿ.

"ಹ್ಞೂಂ ಕಣಮ್ಮ," ಎಂದಳು ಅತ್ತೆ, ಗಾಡಿಯಿಂದ ಇಳಿಯದೆಯೇ. "ಒಂದನ್ನೂ ಬಿಡ್ಬೇಡಿ."

ಮಕ್ಕಳು ಬಿಡಲಿಲ್ಲ. ಬುತ್ತಿ ತಿಂದು ಮತ್ತೆ ಇಳಿದರು. ಅತ್ತೆ ಮತ್ತೆ ಬಕೆಟ್ಟಿನ ಮೇಲೆ ಕುಳಿತು ಮತ್ತೆಲ್ಲಿಗೋ ಹೋದಳು. ಮಧ್ಯಾಹ್ನ ಎರಡೂವರೆಗೆ ನೀರಿನ ಹೂಜಿ ಹಿಡಿದು ಬಂದ ಅತ್ತಿಗೆ, ಬದುವಿನ ಮೇಲೆ ನಿಂತವಳು ನಿಂತೇಬಿಟ್ಟಳು.

"ಏನೇ ಇದು? ಮೂಲಂಗಿಯನ್ನೆಲ್ಲ ಕಿತ್ತುಹಾಕಿ ಕಾಡುಸಾಸಿವೆ ಸಾಕ್ತಿದ್ದೀರಲ್ಲೇ!"

ಅತ್ತೆ ಬಕೆಟ್ಟಿನಿಂದೆದ್ದು ಪಾತಿಗಿಳಿದಳು. ಪಾತಿಗಳಲ್ಲಿ ಅಲ್ಲಲ್ಲಿ ಆಗತಾನೆ ಹುಟ್ಟಿದ ಕಾಡುಸಾಸಿವೆ, ಹೃದಯದಾಕಾರದ ಎರಡೆರಡು ಎಲೆ ಬಿಚ್ಚಿ, ಥೇಟ್ ಹಲಗೆಯ ಚಿತ್ರದಂತೆ ನಿಂತಿತ್ತು. ಬೇಲಿಯ ಬಳಿ ಹಸಿರು ಗುಡ್ಡೆ ಬಿದ್ದಿತ್ತು: ಆ ಎರಡು ಎಲೆಗಳ ನಡುವಿನಿಂದ ಇನ್ನೆರಡು ಒರಟಾದ, ಹಲ್ಲುಹಲ್ಲಿನ ಎಲೆಗಳನ್ನು ಮೇಲೆತ್ತಿದ್ದ ಮೂಲಂಗಿ ಸಸಿಗಳು.

"ಚಿತ್ರದಲ್ಲಿ ಎರಡೇ ಎಲೆ ಇದ್ವು," ಎಂದಳು ಬೇಕರಿಯವರ ಮಗಳು. "ಇವಕ್ಕೆ ನಾಲ್ಕಿತ್ತು. ನಾವು ಎಣಿಸೇ ಕಿತ್ತಿದ್ದು ಅತ್ತೆ."

"ನೀವು ಸರಿಯಾಗೇ ಕಿತ್ತಿದ್ದೀರಿ," ಎಂದಳು ಅತ್ತೆ.

"ವಾಪಸ್ ನೆಟ್ಟುಬಿಡೋಣ! ಗುಬ್ಬಿ ಅಪ್ಪ ಬಂದು ಹೋಗೋ ತನಕ ನಿಂತ್ರೆ ಸಾಕಲ್ವಾ?" ಎಂದ ಹಿಂದಿನಿಂದ ಒಬ್ಬ ಹುಡುಗ.

ಬೇಡ ಎನ್ನಲು ಅತ್ತೆ ಬಾಯಿ ತೆರೆದಳು. ಬಾಯಿಂದ ಬಂದದ್ದು, "ಮುಂದಿನ ಮೂರು ಸಾಲು ಸಾಕು. ದಾರಿಗೆ ಕಾಣೋದು ಅಷ್ಟೇ."

ಆ ಮುಂದಿನದು ಕನಸಿನಲ್ಲಿ ನಡೆದಂತೆ ನಡೆಯಿತು. ಹನ್ನೊಂದು ಜನ ಮಂಡಿಯೂರಿ, ಕಡ್ಡಿಯಿಂದ ತೂತು ಮಾಡಿ, ಬಾಡಿದ ಸಸಿಗಳನ್ನು ಇಳಿಸಿ, ಬೆರಳಿನಿಂದ ಮಣ್ಣೊತ್ತಿ, ಅಂಗೈಯಲ್ಲಿ ನೀರು ಹನಿಸಿದರು. ಒಂದು ಜೇನುಹುಳು ಸಾಲಿನುದ್ದಕ್ಕೂ ಹಾರಿಬಂದು ಏನನ್ನೋ ಅನುಮಾನಿಸಿದಂತೆ ಹಿಂತಿರುಗಿತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮೂರು ಸಾಲುಗಳು ದೂರದಿಂದ ನಂಬಿಸುವಷ್ಟು ಹಸಿರಾಗಿ ನಿಂತವು.

ಅಣ್ಣ ಗಡಿಯಾರದಂತೆ ಬಂದ. ಬದುವಿನ ಮೇಲೆ ನಿಂತು, ತೋಳು ಮಡಚಿ, ಕಣ್ಣು ಕಿರಿದುಮಾಡಿ ನೋಡಿದ.

"ಪರವಾಗಿಲ್ಲ ಕಣೇ. ಗೆದ್ದೆ ನೀನು. ನಾನು ಈರುಳ್ಳಿ ಬೀಜ ತಂದಿಟ್ಟಿದ್ದೇ ದಂಡ."

ಪಡುವಣ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಅಂಚಿನ ಸಸಿಯೊಂದು ಕತ್ತು ಬಗ್ಗಿಸಿತು. ಅದರ ಪಕ್ಕದ್ದೂ ಬಗ್ಗಿಸಿತು.

"ಅಪ್ಪಾ, ಬೇಗ ಹೋಗಪ್ಪ," ಎಂದಳು ಗುಬ್ಬಿ ಕಳವಳದಿಂದ. "ಅವಕ್ಕೆ ನಿದ್ದೆ ಬರ್ತಾ ಇದೆ."

ಒಂಬತ್ತು ಮಕ್ಕಳು ಉಸಿರು ಬಿಗಿಹಿಡಿದರು. ಅಣ್ಣ ಮಾತ್ರ ಅದನ್ನು ಮಗುವಿನ ಮಾತೆಂದೇ ತಿಳಿದ. "ಮಲ್ಕೊಳ್ಲಿ ಬಿಡು ಪುಟ್ಟಿ, ಪಾಪ," ಎಂದು ನಕ್ಕು ಹೊರಟ. ಹತ್ತು ಹೆಜ್ಜೆ ಹೋದ. ನೆಲ ಅತ್ತೆಯದಾಗಿತ್ತು. ಅವಳು ಮಕ್ಕಳ ಮುಖ ನೋಡಿದಳು. ಹತ್ತೂ ಮುಖಗಳು ಅವಳನ್ನೇ ನೋಡುತ್ತಿದ್ದವು, ಹಲಗೆಯ ಚಿತ್ರವನ್ನು ನೋಡಿದಷ್ಟೇ ನಂಬಿಕೆಯಿಂದ.

"ಅಣ್ಣಾ, ನಿಲ್ಲು."

ಅವಳು ಬಗ್ಗಿ ಒಂದು ಸಸಿಯನ್ನು ಎರಡೇ ಬೆರಳಿನಲ್ಲಿ ಎತ್ತಿದಳು. ಅದು ಹೂದಾನಿಯಿಂದ ಹೂ ಬಂದಂತೆ ಬಂತು.

"ಎಲ್ಲ ಹೀಗೇ. ಬೆಳಿಗ್ಗೆ ಕಿತ್ತಾಗಿತ್ತು, ಈಗ ಚುಚ್ಚಿ ನಿಲ್ಲಿಸಿದ್ದೀವಿ. ಮಕ್ಕಳ ತಪ್ಪಲ್ಲ. ಚಿತ್ರ ನಂದು."

ಅಣ್ಣ ಹಲಗೆ ನೋಡಿದ, ಸಸಿ ನೋಡಿದ, ತಂಗಿಯನ್ನು ನೋಡಿದ. "ಹತ್ತೊಂಬತ್ತು ವರ್ಷ ಬೀಜದಂಗಡೀಲಿದ್ಯಲ್ಲೇ ಮಾರಾಯ್ತಿ!"

"ಏಳನೇ ದಿನ ಎಣಿಸಿ ಎಸೀತಿದ್ವಿ ಅಣ್ಣ. ಎಂಟನೇ ದಿನ ಅದಕ್ಕೇನಾಗುತ್ತೆ ಅಂತ ನಾನು ನೋಡೇ ಇಲ್ಲ."

ಅಣ್ಣ ಸಾಲುಗಳ ಕಡೆ ತಿರುಗಿದ. ಅಷ್ಟು ಹೊತ್ತಿಗೆ ಸಾಲಿಗೆ ಸಾಲೇ ನೆಲಕ್ಕೊರಗಿತ್ತು.

"ಮಾತು ಮಾತೇ," ಎಂದ ಕಡೆಗೆ. "ಸೋಮವಾರ ಟ್ರ್ಯಾಕ್ಟರ್ ಬರುತ್ತೆ."

"ಬರ್ಲಿ," ಎಂದಳು ಅತ್ತೆ.

ಅಣ್ಣ ಹೋಗಲಿಲ್ಲ. ಪಂಚೆ ಎತ್ತಿಕಟ್ಟಿ ಪಾತಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಂದು ಸಸಿಯನ್ನು ಅಂಗೈಯಲ್ಲಿಟ್ಟುಕೊಂಡ. "ಬನ್ರೋ ಎಲ್ಲ ಇಲ್ಲಿ. ಯಾಕ್ರೋ ಹೆದರ್ತೀರಾ, ನಾನೇನು ಕಚ್ಚಲ್ಲ. ಈ ಕೆಳಗಿನ ಎರಡು ಎಲೆ ಬೀಜದಿಂದ ಬಂದಿದ್ದು. ಅದು ನಿಮ್ಮತ್ತೆಗೆ ಗೊತ್ತು. ಮೇಲಿಂದು ಗಿಡ ತಾನೇ ಮಾಡ್ಕೊಂಡಿದ್ದು. ಒರಟಾಗಿದೆ, ಮುಟ್ಟಿನೋಡಿ."

ಹತ್ತು ಮಕ್ಕಳು ಒಬ್ಬೊಬ್ಬರಾಗಿ ಮುಟ್ಟಿನೋಡಿದರು. ಹನ್ನೊಂದನೆಯವಳಾಗಿ ಅತ್ತೆಯೂ ಬೆರಳು ಚಾಚಿದಳು. ಕಣ್ಣು ಮುಚ್ಚಿಕೊಂಡೇ ಮುಟ್ಟಿದಳು. ಅವಳಿಗೆ ತಿಳಿದಿದ್ದುದು ಹಾಗೆಯೇ.

ಮಾರ್ಚ್ ಹದಿನೇಳು, ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಟ್ರ್ಯಾಕ್ಟರ್ ಬಂದು ಆ ನೆಲವನ್ನು ಪೂರ್ತಿಯಾಗಿ ಉತ್ತಿತು. ಈರುಳ್ಳಿ ಹಾಕಲಾಯಿತು, ಫಸಲು ಸಾಧಾರಣ. ಇಪ್ಪತ್ತೆರಡರ ಶನಿವಾರ ಮಕ್ಕಳು ಎಂದಿನಂತೆ ಬಸ್ಸಿನಲ್ಲಿ ಬಂದರು. ಅಂದಿನಿಂದ ಪಾಠ ಅಣ್ಣನ ಹೊಲಗಳ ಬದುಗಳ ಮೇಲೆ ನಡೆಯಿತು: ಬಿತ್ತನೆಯಿಂದ ಏಳನೆಯ ದಿನದವರೆಗೆ ತಂಗಿ, ಎಂಟನೆಯ ದಿನದಿಂದ ಅಣ್ಣ. ಕಿತ್ತ ಮೂಲಂಗಿಯ ಗುಡ್ಡೆಯಿಂದ ಆರಿಸಿ ಗುಬ್ಬಿ ಹಳೆಯ ಡಬ್ಬದಲ್ಲಿ ನೆಟ್ಟುಕೊಂಡಿದ್ದ ಹದಿನಾಲ್ಕು ಸಸಿಗಳಲ್ಲಿ ಆರು ಬದುಕಿದವು. ಗಡ್ಡೆಗಳೆಲ್ಲ ಎರಡು ಕಾಲುಗಳಂತೆ ಕವಲೊಡೆದಿದ್ದವು. ಇಬ್ಬರೂ ಹಂಚಿಕೊಂಡ ಈ ಶನಿವಾರದ ಪಾಠ 1997ರ ನವೆಂಬರ್ ಎಂಟರವರೆಗೆ, ಅಣ್ಣ ಮಂಡಿನೋವಿನಿಂದ ಕುಕ್ಕರಿಸಿ ಕೂರಲಾರದಂತಾಗುವವರೆಗೆ ನಡೆಯಿತು. ಆ ಮೇಲಿನ ಎರಡು ವರ್ಷ ಎಂಟನೆಯ ದಿನದಿಂದಾಚೆಯದೂ ಸೇರಿ ಎಲ್ಲ ದಿನಗಳ ಪಾಠವನ್ನೂ ಅತ್ತೆಯೊಬ್ಬಳೇ ಮಾಡಿದಳು.