ಗದ್ದದ ಕೆಳಗಿನ ಚಿತ್ರ

ಉಣಕಲ್ ಕೆರೆಯ ಮೇಲಿನ ಆ ಮಧ್ಯಾಹ್ನದ ಬೆಳಕು ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಹೊಸದಾಗಿ ಸರ್ಜನ್ ಆಗಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಹುರುಪು.

ದುರ್ಗದಬೈಲಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಗಳಗಂಡ ತೆಗೆಸಿಕೊಳ್ಳಲು ಬಂದಿದ್ದಳು. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಎರಡೂ ಬದಿಗೆ ಗಿಳಿ ಕೆತ್ತಿದ್ದು, ಅಜ್ಜಿಯ ಕಾಲದ್ದು. ಆಪರೇಷನ್ನಿಗೂ ಅದನ್ನು ಮೈಯಿಂದ ಇಳಿಸಲು ಒಪ್ಪಲಿಲ್ಲ, ತೋಳಿಗೆ ಕಟ್ಟಿದೆವು. ಅದಕ್ಕೂ ಮೊದಲು, "ಒಂದು ಫೋಟೋ ತಗೀಲೇನವಾ?" ಎಂದು ಕೇಳಿದ್ದೆ.

"ದವಾಖಾನಿ ಕಾಗದಕ್ಕ ಹಚ್ಚಾಕೇನ್ರಿ? ತಗೀರಿ ಡಾಕ್ಟರ್ರ."

ನಾನು ಹೂಂಗುಟ್ಟಿದೆ. ಆಮೇಲೆ ಗಾಯ ನೂಲೆಳೆಯಷ್ಟು ಸಣ್ಣಗೆ ಮಾಯ್ದಾಗ ಹಿಗ್ಗು ತಡೆಯಲಾಗಲಿಲ್ಲ. ಸೈಬರ್ ಕೆಫೆಯಲ್ಲಿ ಕೂತು, ಆಗ ನಾವೆಲ್ಲ ಮುಗಿಬಿದ್ದಿದ್ದ ಜಾಲತಾಣದ ನನ್ನ ಪುಟಕ್ಕೆ ಮೊದಲಿನ ಚಿತ್ರ, ನಂತರದ ಚಿತ್ರ ಎರಡನ್ನೂ ಏರಿಸಿದೆ. ಮುಖ ಕಾಣದಂತೆ ಗದ್ದದ ಮೇಲಿನದನ್ನೆಲ್ಲ ಕತ್ತರಿಸಿದ್ದೆ. ಬಹಳ ಶಾಣ್ಯಾತನ ಮಾಡಿದೆ ಅಂದುಕೊಂಡಿದ್ದೆ. ಗೆಳೆಯರು ಹೊಗಳುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಉಣಕಲ್ ಕೆರೆಯ ದಂಡೆಗುಂಟ ಮನೆಗೆ ನಡೆದು ಬರುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮುಂದಿನ ವರ್ಷ ಅವಳಿಗೆ ಧಾರವಾಡದ ಕಡೆಯ ವರ ಗೊತ್ತಾಯಿತು. ವರನ ತಮ್ಮ ಮೆಡಿಕಲ್ ಓದುವವನು, ನನ್ನ ಪುಟ ನೋಡುತ್ತಿದ್ದವನು. ನಿಶ್ಚಯದ ದಿನ ಅವಳ ಕೊರಳಲ್ಲಿ ಗಿಳಿಯ ಕರಡಿಗೆ ಕಂಡ. ಅದೇ ಕರಡಿಗೆ ನನ್ನ ಚಿತ್ರದಲ್ಲೂ ಇತ್ತು. ಮುಖವೊಂದೇ ಗುರುತು ಅಂದುಕೊಂಡ ದಡ್ಡ ನಾನು. ಅವನು ಆ ಚಿತ್ರಗಳನ್ನು ತನ್ನ ಮನೆಮಂದಿಗೆಲ್ಲ ತೋರಿಸಿದ.

ಒಂದು ಮಧ್ಯಾಹ್ನ ಅವಳು ಒಬ್ಬಳೇ ದವಾಖಾನೆಗೆ ಬಂದು ಇದನ್ನೆಲ್ಲ ಹೇಳಿದಳು. ಕಿಟಕಿಯಾಚೆ ಬೇವಿನ ಎಲೆಗಳು ಸದ್ದಿಲ್ಲದೆ ಉದುರುತ್ತಿದ್ದವು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮದುವೆ ಮುರಿಯಿತೇ ಎಂದು ಕೇಳಿದೆ.

"ಇಲ್ರಿ, ಅವರ ಮನಿಯವರು ದೊಡ್ಡ ಮನಸ್ಸು ಮಾಡ್ಯಾರ."

"ಫೋಟೋ ಇವತ್ತೇ ತೆಗದು ಹಾಕ್ತೇನಿ," ಅಂದೆ.

"ತಗೀರಿ. ಆದ್ರ ಆಪರೇಷನ್ ಆಗಿದ್ದನ್ನ ಅವರಿಗೆ ನಾನ ಹೇಳಬೇಕಂತ ಇದ್ನಿರಿ, ಸಾವಕಾಶ, ಇಬ್ಬರ ಇದ್ದಾಗ. ಈಗ ಆ ಮನ್ಯಾಗ ನಾ ಜನ್ಮಪೂರ್ತಿ ಮುಚ್ಚಿಟ್ಟಾಕಿನ."